ಮೇಲೆ ಕ್ರೀಮು, ಕೆಳಗೆ ಯಾವುದು?

…ಮುಟ್ಟಬೇಡ, ಮುಟ್ಟಬೇಡ! ಕಾರಿನ ಟಾಪು ಈಗಷ್ಟೇ ಒಣಗ್ತಾ ಇದೆ. ಈ ಕಡೆ ಬಾ, ಅಕ್ಕಾ. ಮೊದಲು ಆ ಬಿಳಿ ಕೋಟು ಬಿಚ್ಚಿ ಚೀಲಕ್ಕೆ ಹಾಕು ತಾಯೀ. ನನ್ನ ಶೆಡ್ಡಿಗೆ ಬಂದ ಬಿಳಿ ಬಟ್ಟೆ ಯಾವುದೂ ಬಿಳಿಯಾಗಿ ವಾಪಸ್ ಹೋಗಿಲ್ಲ. ನಾಳೆ ವಾರ್ಡಿನಲ್ಲಿ ರೋಗಿಗಳು ತಮ್ಮ ನರ್ಸಮ್ಮನ ಮೈಮೇಲಿನ ಚುಕ್ಕೆ ಎಣಿಸ್ತಾ ಮಲಗಬೇಕಾಗುತ್ತೆ! ಹಾಂ, ಹಾಗೆ ಮಡಚಿಡು.

ಈಗ ನೋಡು ಕಾರನ್ನ. ಏನು ಕಾರು! ಮೇಷ್ಟ್ರ ಮಾವನದು. ಹಿತ್ತಲಲ್ಲಿ ಬಿದ್ದಿತ್ತು, ಕೋಳಿಗಳು ಒಳಗೆ ಮೊಟ್ಟೆ ಇಡ್ತಿದ್ದವು. ನಾನು ಬಾನೆಟ್ ಎತ್ತಿದೆ ನೋಡು, ಒಂದು ಹೇಂಟೆ ಎದ್ದು ನಿಂತು ನನಗೇ ಬೈದು ಹೋಯಿತು… ಯಾಕೆ ನಗ್ತೀಯಾ? ಸರಿ, ಬೈದದ್ದು ಸುಳ್ಳು. ಮೊಟ್ಟೆ ನಿಜ.

ಮೇಲುಗಡೆ ಕ್ರೀಮು, ಅದು ಮುಗೀತು. ಕೆನೆಗಟ್ಟಿದ ಹಾಲಿನ ಥರ ಇಲ್ವಾ? ಅಂಗಡಿ ಡಬ್ಬದ್ದಲ್ಲ, ನಾನೇ ಕೈಯಾರೆ ಕಲಸಿದ್ದು. ಇನ್ನು ಕೆಳಗಿನ ಅರ್ಧ. ಹಸಿರಾಗಲಿ ನೀಲಿಯಾಗಲಿ ನಿನಗೆ ಬಿಟ್ಟಿದ್ದೀನಿ, ಸಂಜೆ ಬರೋಷ್ಟರಲ್ಲಿ ಬಳಿದಿರು ಅಂದಿದ್ದಾರೆ ಮೇಷ್ಟ್ರು. ಇಗೋ, ಎರಡು ಡಬ್ಬ. ಮುಚ್ಚಳದ ಮೇಲೆ ಸ್ವಲ್ಪ ಸ್ವಲ್ಪ ಹೊಡೆದಿಟ್ಟಿದ್ದೀನಿ. ಆರಿಸು!

ಏನು ಹಾಗೆ ಮುಖ ಮಾಡ್ತೀಯಾ? ಯಾರ ಮಾತೂ ಕೇಳದವನು ಇವತ್ತೇಕೆ ಕೇಳ್ತಾನೆ ಅಂತಲಾ? ಪ್ರೀತಿ, ಅಕ್ಕಾ, ಪ್ರೀತಿ! ಭಾವನ ಸ್ಕೂಟರಿಗೆ ರಾತ್ರೋರಾತ್ರಿ ಗುಲಾಬಿ ಬಣ್ಣ ಬಳಿದಾಗ ನಿನ್ನನ್ನ ಕೇಳಲಿಲ್ಲ ಅಂತ ಎಷ್ಟು ದಿನ ಮಾತು ಬಿಟ್ಟಿದ್ದೆ! ಅದಕ್ಕೇ ಇವತ್ತು ಕೇಳಿಬಿಡ್ತಿದ್ದೀನಿ.

ಅಯ್ಯೋ, ಬೆರಳು ತೋರಿಸಬೇಡ! ಬಾಯಿಬಿಟ್ಟು ಹೇಳು. ಹಸಿರಾ, ನೀಲೀನಾ? …ಹಸಿರು! ಭೇಷ್, ನನ್ನ ಮನಸ್ಸಲ್ಲೂ ಅದೇ ಇತ್ತು. ಹಾಗಾದ್ರೆ ಆ ಹಸಿರು ಡಬ್ಬ ಎತ್ತಿ ಕೊಡು, ನಾನು ಅಷ್ಟರಲ್ಲಿ ಬಣ್ಣ ಹೊಡೆಯೋ ಗನ್ನು ಸರಿಮಾಡ್ಕೋತೀನಿ. ಕೊಡು… ಯಾಕೆ ಕಂಬದ ಥರ ನಿಂತೆ? ಸೊಂಟ ಹಿಡ್ಕೊಂಡಿತಾ?

ಯಾರು? ಬೇಕರಿಯವನಾ? ಅವನು ನಿನ್ನ ಹತ್ತಿರಾನೂ ಬಂದಿದ್ನಾ! ಹೌದು, ನಾನು ಬಣ್ಣ ಹೊಡೆದುಕೊಟ್ಟ ವ್ಯಾನು ವಾಪಸ್ ತಂದು ನಿಲ್ಲಿಸಿದ. ಕ್ರೀಮು ಕೇಳಿದ್ರೆ ಆಸ್ಪತ್ರೆ ಗೋಡೆ ಥರ ಬೆಳ್ಳಗೆ ಮಾಡಿಟ್ಟಿದ್ದೀಯ ಅಂತ ಬೀದಿಯಲ್ಲಿ ನಿಂತು ಕೂಗಾಡಿದ. ದಿನವಿಡೀ ಕೇಕಿಗೆ ಕ್ರೀಮು ಹಚ್ಚೋನಿಗೆ ಕ್ರೀಮು ಯಾವುದು ಅಂತ ಗೊತ್ತಿಲ್ಲ! ತಮಾಷೆ ಅಲ್ಲ ಅಕ್ಕಾ, ಪೇಂಟರಿಗೆ ಕಣ್ಣೇ ಅಂಗಡಿ. ಅದರ ಮೇಲೆ ಒಂದು ಮಾತು ಬಿದ್ದರೆ ನಾಳೆಯೇ ಶಟರ್ ಎಳೀಬೇಕು.

ಕಣ್ಣು ತೋರಿಸಿದೆ, ತೋರಿಸಿದೆ! ನೀನು ಚೀಟಿ ಬರೆಸಿಕೊಟ್ಟ ದಿನವೇ ಹೋಗಿದ್ದೆ. ಡಾಕ್ಟರು ಎದ್ದು ಕೈ ಕುಲುಕಿದ್ರು. ಇಂಥ ಕಣ್ಣು ನಮ್ಮ ಪುಸ್ತಕದಲ್ಲೂ ಇಲ್ಲ ಅಂದ್ರು. …ಯಾವ ಡಾಕ್ಟರಾ? ಅದೇ, ಗಡ್ಡದವರು. …ಗಡ್ಡದವರು ಯಾರೂ ಇಲ್ವಾ? ಹಾಗಾದ್ರೆ ಬೋಳಿಸಿರಬೇಕು.

ಚೀಲದಲ್ಲೇನು ಹುಡುಕ್ತಿದ್ದೀಯಾ? ತಿಂಡಿ ತಂದಿದ್ದೀಯಾ? ಓ… ಬಟ್ಟೆ. ಇದರ ಬಣ್ಣ ಹೇಳಬೇಕಾ? ನನಗೇ ಪರೀಕ್ಷೆ! ಕ್ರೀಮು ಅಕ್ಕಾ, ಅಪ್ಪಟ ಕ್ರೀಮು. ಟಾಪಿನ ಪಕ್ಕ ಹಿಡಿ, ತಾಗಿಸಬೇಡ… ನೋಡು, ನೋಡು! ಕೂದಲೆಳೆಯಷ್ಟಾದ್ರೂ ವ್ಯತ್ಯಾಸ ಇದೆಯಾ? ಎರಡೂ ಒಂದೇ! ಕರೆಸು ಆ ಬೇಕರಿಯವನನ್ನ!

ಯಾಕೆ ಅದರ ಮಡಿಕೆ ಬಿಡಿಸ್ತಿದ್ದೀಯಾ?

ನಗು. ಇಷ್ಟು ಹೊತ್ತು ನಗ್ತಿದ್ಯಲ್ಲ… ಅದೇನು ಜೋತು ಬಿತ್ತು? ತೋಳಾ? ಜೇಬು… ಜೇಬಲ್ಲಿ ಪೆನ್ನು…

ನಿನ್ನ ಕೋಟು.

…ಬಣ್ಣ ತಾಗಿತೇನೋ, ನೋಡ್ಕೋ. ತಾಗಿದ್ರೂ ಕಾಣಲ್ಲ, ಅಲ್ವಾ? ಬಿಳಿ ಮೇಲೆ ಬಿಳಿ. ಪಾಪ, ಬೇಕರಿಯವನು.

ಬೈಯಿ ಬೇಕಾದ್ರೆ, ಅಕ್ಕಾ. ಕೈ ಇನ್ನೂ ಗಟ್ಟಿಯಿದೆ, ಗನ್ನು ಹಿಡಿದರೆ ನಡುಗಲ್ಲ. ಇದು ಬಿಟ್ಟರೆ ನನಗೇನು ಬರುತ್ತೆ ಹೇಳು? ಕೋಳಿ ಕಥೆ ಬರುತ್ತೆ, ಅಷ್ಟೇ.

ನಾಳೆ ಬರ್ತೀನಿ ಆಸ್ಪತ್ರೆಗೆ. ನಿಜವಾಗ್ಲೂ. ಆದ್ರೆ ಸಂಜೆ ಮೇಷ್ಟ್ರು ಬಂದುಬಿಡ್ತಾರೆ… ಅಕ್ಕಾ, ಆ ಎಡಗಡೆ ಮುಚ್ಚಳ…

ಅದು ಹಸಿರಾ?