ಒಂದೇ ಮಧ್ಯಾಹ್ನ ನೋಡಿದ ಮನೆ

…ಇಲ್ಲ ಕಣೇ, ಮನೆ ಸರಿ ಇಲ್ಲ ಅಂತ ನಾನೆಲ್ಲಿ ಅಂದೆ? ಮನೆ ಚೆನ್ನಾಗೈತೆ. ಮನೆ ಬಗ್ಗೆ ನಂದೇನೂ ತಕರಾರಿಲ್ಲ. ನಾನು ಹೇಳ್ತಿರೋದು ಆ ಮನೆ ಮೇಲಿನ ಆಕಾಶದ ಬಗ್ಗೆ. ಯಾಕೆ ನಗ್ತೀಯ? ಮನೆ ನೋಡ್ಕೊಂಡು ಬಾ ಅಂದ್ರೆ ಮೋಡ ನೋಡ್ಕೊಂಡು ಬಂದವ್ಳೆ ಅಂತ ನಗುನಾ? ನಗು, ನಗು. ಮೊದಲು ಬಾಗಿಲು ಹಾಕು. ಕೆಳಗೆ ಚಿಕ್ಕಪ್ಪಂಗೆ ಕೇಳಿಸಿದ್ರೆ ಶಿವಗಂಗಾನೇ ತಂಗಿ ಮದುವೆಗೆ ಕಲ್ಲು ಹಾಕಿದ್ಳು ಅಂತಾರೆ.

ಬಾ, ಕುಂತ್ಕೊ ಇಲ್ಲಿ. ಜಡೆ ಹಾಕ್ಕೊಂತಾನೇ ಕೇಳು, ಪರವಾಗಿಲ್ಲ.

ನೋಡು ಚೈತ್ರಾ, ಎಲ್ಲರ ಮುಂದೆ ಹೇಳಿದ್ದು ನೀನೇ. ‘ಅಕ್ಕ ಹೋಗಿ ಬರಲಿ, ಅಕ್ಕ ಹೂಂ ಅಂದ್ರೆ ನಂದೂ ಹೂಂ’ ಅಂತ. ಮದುವೆ ಆಗೋ ಹುಡುಗಿ ಹುಡುಗನ ಮನೆ ನೋಡೋಕೆ ಹೋಗೋ ಹಂಗಿಲ್ಲ ನಮ್ಮಲ್ಲಿ. ಅವಳ ಬದಲು ಬೇರೆ ಯಾರದೋ ಕಣ್ಣು ಹೋಗಬೇಕು. ಅದಕ್ಕೆ ಚಿಕ್ಕಮ್ಮ ನನ್ನ ದುರ್ಗದಿಂದ ಕರೆಸಿದ್ರು. ಮಾತು ಕಮ್ಮಿ, ಕಣ್ಣು ಚುರುಕು ಅಂತ. ಸರಿ, ಹೋದೆ. ಕಣ್ಣಿಗೆ ಕಂಡಿದ್ದು ಹೇಳ್ತಿದೀನಿ. ಸಂಬಂಧ ತಂದ ಓಬಕ್ಕಂಗೆ ದೀಪ ಹಚ್ಚೋ ಹೊತ್ತಿಗೆ ಹೂಂ ಅಂತಲೋ ಉಹೂಂ ಅಂತಲೋ ಹೇಳಬೇಕಂತೆ. ಚಿಕ್ಕಪ್ಪ ಫೋನ್ ಕೈಲಿ ಹಿಡ್ಕೊಂಡೇ ಕುಂತವ್ರೆ.

ತಡಿ, ರೈಲು ಹೋಗಲಿ.

…ಈ ಚಿಕ್ಕಜಾಜೂರಲ್ಲಿ ಒಂದು ಮಾತನ್ನ ಒಂದೇ ಉಸಿರಿಗೆ ಮುಗಿಸೋಕಾಗಲ್ಲ.

ಬೆಳಿಗ್ಗೆ ಇಲ್ಲಿ ಕಾರು ಹತ್ತೋವಾಗ ಹೆಂಗಿತ್ತು? ಹನಿ ಹಾಕ್ತಿತ್ತು. ಚಿಕ್ಕಮ್ಮ ಹೂವಿನ ಬುಟ್ಟಿ ಮೇಲೆ ಟವೆಲ್ ಮುಚ್ಚಿಕೊಂಡು ಕುಂತಿದ್ರು. ಹೊಳಲ್ಕೆರೆ ದಾಟೋ ಹೊತ್ತಿಗೆ ಹನಿ ನಿಂತು ಬರೀ ಮೋಡ. ಹೊಸದುರ್ಗದ ಹತ್ರ ಮೋಡ ಇದ್ವು, ಆದ್ರೆ ನಿಲ್ಲೋ ಮೋಡ ಅಲ್ಲ, ಓಡೋ ಮೋಡ. ಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗ್ತಾ ಇದ್ವಲ್ಲ, ಅವೇ ಮೋಡಗಳನ್ನ ಓಡಿಸ್ತಾವೇನೋ ಅನ್ನಿಸ್ತಿತ್ತು. ಹಿರಿಯೂರು ಇನ್ನೂ ದೂರ ಇರೋವಾಗಲೇ ಆಕಾಶ ಖಾಲಿ. ಒಂದು ಚೂರು ಮೋಡ ಇಲ್ಲ. ಒಂದೇ ಜಿಲ್ಲೆ ಕಣೇ, ಒಂದೇ ಬೆಳಿಗ್ಗೆ. ಕಾರು ಓಡಿಸ್ತಿದ್ದ ಮುಝಫರ್ ಅಂದ, ‘ಹೊಳಲ್ಕೆರೇಲಿ ಗಾಜು ಒರೆಸ್ಕೊಂಡು ಬಂದೆ, ಇಲ್ಲಿ ಮುಖ ಒರೆಸ್ಕೋಬೇಕು ಮೇಡಂ’ ಅಂತ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಿನ್ನ ನೆನಪಾಯ್ತು.

ನಿನ್ನ ನೆನಪೇ ಆಗಿದ್ದು ಕಣೇ. ಯಾಕೆ ಹಂಗೆ ನೋಡ್ತೀಯ?

ನೀನು ಮೋಡದ ಕೆಳಗೆ ಬೆಳೆದೋಳು. ನಿಂಗೆ ಗೊತ್ತಿಲ್ಲ ಅದು. ಚಿಕ್ಕವರಿದ್ದಾಗ ರಜೆಗೆ ನಾನು ಇಲ್ಲಿಗೆ ಬರ್ತಿದ್ದೆನಲ್ಲ, ಆಗಿಂದ ನೋಡ್ತಿದೀನಿ. ಜೂನ್ ಬಂತು ಅಂದ್ರೆ ನಿಮ್ಮೂರಿಗೆ ಸೋನೆ. ಕಿಟಕಿ ಹತ್ರ ಕುಂತು ಕೈ ಚಾಚಿದ್ರೆ ಸಾಕು, ಅಂಗೈ ಒದ್ದೆ. ಅದೇ ಮೋಡ ದುರ್ಗಕ್ಕೆ ಬಂದ್ರೆ ಕೋಟೆ ನೋಡ್ತೈತೆ, ಮುಂದೆ ಹೋಗ್ತೈತೆ, ಟಿಕೆಟ್ ತಗೊಂಡು ಬಂದ ಪ್ರವಾಸಿಗರ ಥರ. ನಮಗೆ ಉಳಿಯೋದು ಬಂಡೆ. ಹಗಲೆಲ್ಲಾ ಬಿಸಿಲು ಕುಡಿದು ಸಂಜೆ ಮೇಲೆ ನಮ್ಮ ಮನೆ ಗೋಡೆಗೆ ಉಗುಳ್ತೈತೆ. ರಜೆ ಮುಗಿಸಿ ಬಸ್ಸಲ್ಲಿ ಹೋಗೋವಾಗ ನಂಗೆ ಹೊಟ್ಟೆ ಉರೀತಿತ್ತು. ನಿಜ. ಒಂದು ಮಳೆಗೆ ಯಾರಾದ್ರೂ ಹೊಟ್ಟೆಕಿಚ್ಚು ಪಡ್ತಾರಾ? ನಾನು ಪಡ್ತಿದ್ದೆ. ಇವಳೇನು ಮಾಡಿದ್ಳು ಅಂತ ಇವಳಿಗೆ ಮಳೆ, ನಾನೇನು ಮಾಡಿದೆ ಅಂತ ನಂಗೆ ಕಲ್ಲು?

ಹೋಗಲಿ, ಅದು ಹಳೇ ಮಾತು.

ಈಗಿನ ಮಾತು ಏನಂದ್ರೆ, ನಿನ್ನ ಕೈಲಾಗಲ್ಲ. ದುರ್ಗಕ್ಕೆ ಬಂದ್ರೇನೇ ತಲೆನೋವು ಅಂತ ಮಲಗೋಳು ನೀನು. ಆ ಊರು ದುರ್ಗಕ್ಕಿಂತ ಮೇಲು, ಬಿಸಿಲಲ್ಲಿ. ಹುಡುಗ, ಆ ಪ್ರಭು ಮೇಷ್ಟ್ರು, ಒಳ್ಳೇವರೇ ಇರಬಹುದು. ಇರಬಹುದು, ನಂಗೆ ಹೆಂಗೆ ಗೊತ್ತಾಗುತ್ತೆ? ಅವರು ಶಾಲೆಗೆ ಹೋಗ್ತಾರೆ, ಸಂಜೆ ಬರ್ತಾರೆ. ಆ ಬಿಸಿಲ ಜೊತೆ ಸಂಸಾರ ಮಾಡಬೇಕಾದೋಳು ನೀನು.

ನಿಮ್ಮಲ್ಲಿ ಸೋನೆ ಹಿಡಿದಾಗ ಅಲ್ಲಿ ಗಾಳಿ. ಬರೀ ಗಾಳಿ. ಒಗೆದ ಬಟ್ಟೆ ಒಣಗೋದಲ್ಲ, ಹಾರಿಹೋಗಿ ಪಕ್ಕದ ತೋಟದ ಬೇಲಿ ಸೇರ್ತಾವೆ. ಮೋಡ ಬರಲ್ಲ ಅಂತಲ್ಲ. ಬೆಳಿಗ್ಗೆ ಬರ್ತಾವೆ, ಮನೆ ಮುಂದಿನ ಹುಣಸೆ ಮರದ ಮೇಲೆ ಒಂದು ಗಳಿಗೆ ನೆರಳು ಬಿಟ್ಟು ಮೂಡಲಿಗೆ ಹೋಗಿಬಿಡ್ತಾವೆ. ಈಗ ಬಂತು, ಈಗ ಬಂತು ಅಂತ ಆಷಾಢ ಪೂರ್ತಿ ಮೇಲೆ ನೋಡ್ತಾ ಕೂರಬೇಕು. ಕತ್ತು ನೋವು ಬರ್ತೈತೆ, ಮಳೆ ಬರಲ್ಲ.

ಬರ್ತೈತಪ್ಪ, ಬರಲ್ಲ ಅಂತಲ್ಲ. ಉತ್ತರೆ, ಚಿತ್ತೆ ಮಳೆ ಹೊತ್ತಿಗೆ ಬರ್ತೈತೆ. ಅದು ನಿಮ್ಮ ಮಳೆ ಥರ ಅಲ್ಲ. ನಿಮ್ಮದು ಕೇಳ್ಕೊಂಡು, ಚಪ್ಪಲಿ ಬಿಟ್ಟು ಒಳಗೆ ಬರೋ ಮಳೆ. ಅದು ಹಂಗಲ್ಲ. ಮೂಡಲಿಂದ ಕರ್ರಗೆ ಏರ್ಕೊಂಡು ಬರ್ತೈತೆ. ಮೊದಲು ಅಡುಗೆಮನೆ ತಗಡಿನ ಮೇಲೆ ಯಾರೋ ಕಲ್ಲು ಎಸೆದಂಗೆ ಹನಿ. ಅವರಮ್ಮ ಒಲೆ ಮುಂದಿಂದ ಎದ್ದು ಸೌದೆ ಒಳಗೆ ತಗೊಳ್ಳೋ ಅಷ್ಟರಲ್ಲಿ ಧೋ ಅಂತ. ಒಂದೊಂದು ಸಲ ಹಿತ್ತಲಲ್ಲಿ ಮಳೆ, ಅಂಗಳದಲ್ಲಿ ಬಿಸಿಲು. ನಡುಮನೇಲಿ ನಿಂತ್ರೆ ಈ ಬಾಗಿಲಲ್ಲಿ ಮಳೆ ಕಾಣ್ತೈತೆ, ಆ ಬಾಗಿಲಲ್ಲಿ ಬಿಸಿಲು. ಹೊರಗೆ ಹೋಗೋಕೆ ಮನಸ್ಸೇ ಬರಲ್ಲ. ಮಳೆ ನಿಂತ ಮೇಲೆ ತಗಡಿಂದ ಹಬೆ ಏಳ್ತೈತೆ, ಹುಣಸೆ ಎಲೆ ಎಲ್ಲಾ ತೊಳೆದಂಗಾಗಿ, ಚಳಿಗಾಲದಲ್ಲಂತೂ ಕೆರೆ ಕಡೆಯಿಂದ ಮಂಜು ಬಂದು ಆ ಮರದ ಅರ್ಧಕ್ಕೆ ನಿಂತು…

ಏನಾಯ್ತು? ಜಡೆ ಯಾಕೆ ಬಿಟ್ಟೆ?

ನಾನೇನಂದೆ ಈಗ?

ಯಾರು ಹೇಳಿದ್ರು ಅಂದ್ರೆ… ಅವರಮ್ಮ ಹೇಳಿದ್ರು. ಇವತ್ತು. ಕಾಫಿ ಕುಡಿಯೋವಾಗ.

ಓ. ಅವರಿಗೆ ಗಂಟಲು ಕಟ್ಟಿತ್ತು, ಬರೀ ಕೈಸನ್ನೆ ಮಾಡ್ತಿದ್ರು ಅಂತ ಚಿಕ್ಕಮ್ಮ ಆಗಲೇ ಹೇಳಿಬಿಟ್ಟರಾ. ಹೌದು, ಕಟ್ಟಿತ್ತು. ಹಂಗಾದ್ರೆ ಅವರಲ್ಲ, ಅಕ್ಕಪಕ್ಕದೋರು ಹೇಳಿರಬೇಕು. ಅಲ್ಲ, ಮುಝಫರ್. ಅವನಿಗೆ ಆ ಕಡೆ ಊರುಗಳೆಲ್ಲಾ ಗೊತ್ತು.

ದಾರಿ ಕೇಳ್ಕೊಂಡು ಹೋಗಿದ್ದು ನಿಜ. ಎರಡು ಕಡೆ ಕೇಳಿದ. ಸರಿ. ಮುಝಫರ್ ಅಲ್ಲ.

ಭೂಗೋಳ ಪಾಠ ಮಾಡ್ತೀನಲ್ಲೇ ನಾನು. ಯಾವ ಕಡೆ ಯಾವಾಗ ಮಳೆ, ಎಲ್ಲಿ ಮಳೆ ನೆರಳು, ಅದೇ ತಾನೆ ನನ್ನ ಕೆಲಸ. ಎಲ್ಲಾ ಪುಸ್ತಕದಲ್ಲಿ ಐತೆ.

…ಪುಸ್ತಕದಲ್ಲಿ ಅವರ ಅಡುಗೆಮನೆ ತಗಡು ಇಲ್ಲ. ಹೂಂ. ಇಲ್ಲ.

ಬೈಯೋದಾದ್ರೆ ಬೈಯಿ. ಒಂದು ಮಧ್ಯಾಹ್ನ ಹೋಗಿ ಬಂದೋಳು ವರ್ಷ ಪೂರ್ತಿ ಮಳೆ ಹೆಂಗೆ ಹೇಳ್ತಾಳೆ ಅಂತ ತಾನೆ? ಕೇಳಿಬಿಡು. ಕೇಳಿದ್ರೆ ಏನಾದ್ರೂ ಸುಳ್ಳು ಹೇಳಬಹುದು. ನೀನು ಕೇಳ್ತಾನೂ ಇಲ್ಲ.

ಹೋದ ವರ್ಷ ಅಲ್ಲ, ಅದರ ಹಿಂದಿನ ವರ್ಷ. ನಮ್ಮ ಶಾಲೆ ಮಕ್ಕಳ ಕೈಲಿ ಮಳೆ ಅಳೆಸ್ತಿದ್ವಿ. ನೀರಿನ ಬಾಟಲಿ ಕತ್ತರಿಸಿ, ಸ್ಕೇಲು ಅಂಟಿಸಿ, ಟೆರೇಸ್ ಮೇಲೆ ಇಡೋದು. ತಾಲೂಕಿಗೊಂದು ಶಾಲೆ. ಸಂಜೆ ಮೇಷ್ಟ್ರುಗಳೆಲ್ಲಾ ಗ್ರೂಪಲ್ಲಿ ಹಾಕಬೇಕು, ಮಳೆ ಎಷ್ಟು, ಮೋಡನಾ, ಬಿಸಿಲಾ ಅಂತ. ಹಿರಿಯೂರು ಕಡೆಯಿಂದ ಹಾಕ್ತಿದ್ದೋರು ಪ್ರಭು. ಹೂಂ, ಅದೇ ಪ್ರಭು. ದಿನಾ ‘ಇಲ್ಲ’ ಅಂತ ಹಾಕೋರು. ಮಳೆ ಇಲ್ಲ. ಇವತ್ತೂ ಇಲ್ಲ. ಒಂದಿನ ಮಕ್ಕಳಿಗೆ ಬೇಜಾರಾಗಬಾರದು ಅಂತ ಬಾಟಲಿಗೆ ತಾವೇ ನೀರು ಹಾಕಿದ್ದನ್ನ ಗ್ರೂಪಲ್ಲಿ ಒಪ್ಪಿಕೊಂಡು, ಲೆಕ್ಕಕ್ಕೆ ತಗೋಬೇಡ್ರಿ ಅಂತ ಬರೆದ್ರು. ಎಲ್ಲರೂ ನಗೋ ಚಿತ್ರ ಹಾಕಿದ್ರು. ನಾನು ಹಾಕಲಿಲ್ಲ. ಅದಕ್ಕೇ ಇರಬೇಕು ನನ್ನ ನಂಬರಿಗೆ ಬೇರೆಯಾಗಿ ಕಳಿಸಿದ್ರು: ‘ದುರ್ಗದಲ್ಲಿ ಮೋಡ ಐತಾ ಮೇಡಂ?’

ಮಳೆಗಾಲ ಮುಗೀತು, ಗ್ರೂಪ್ ಸುಮ್ಮನಾಯ್ತು. ನಾವಿಬ್ಬರು ಆಗಲಿಲ್ಲ.

ಬೇರೆ ಏನೂ ಇಲ್ಲ ಚೈತ್ರಾ. ಒಂದಿನಾನೂ ಊಟ ಆಯ್ತಾ ಅಂತ ಕೇಳಿದೋರಲ್ಲ. ‘ಇಲ್ಲಿ ಬಿಸಿಲು, ಅಲ್ಲಿ?’ ಅನ್ನೋರು. ‘ಇಲ್ಲಿ ಮೋಡ’ ಅಂತ ನಾನು. ಮೋಡ ಇಲ್ಲದಿದ್ರೂ ಒಂದೊಂದು ಸಲ ಮೋಡ ಅಂದಿದೀನಿ, ಅವರಿಗೆ ಖುಷಿ ಆಗ್ಲಿ ಅಂತ. ಫೋಟೋ ಕಳಿಸೋರು. ಮರ, ತಗಡು, ಅಂಗಳ. ಒಂದರಲ್ಲೂ ಮನುಷ್ಯರಿಲ್ಲ. ನಾನೂ ಹಂಗೇ, ಕೋಟೆ, ಟೆರೇಸು, ತಂತಿ ಮೇಲಿನ ಹನಿ. ಯಾರಿಗಾದ್ರೂ ತೋರಿಸಿದ್ರೆ ಇದೇನಪ್ಪ ಹವಾಮಾನ ಇಲಾಖೆ ಅಂತ ನಗ್ತಿದ್ರು. ಅದಕ್ಕೆ ಯಾರಿಗೂ ತೋರಿಸಲಿಲ್ಲ. ನಿಂಗೂ.

ಆಮೇಲೆ ಓಬಕ್ಕ ಬಂದು, ಹಿರಿಯೂರು ಕಡೆ ಒಂದು ಸಂಬಂಧ ಐತೆ, ಹುಡುಗ ಮೇಷ್ಟ್ರು, ಹೆಸರು ಪ್ರಭು ಅಂದಾಗ ನಾನು ಏನಂದ್ಕೊಂಡೆ ಅಂತ ಬಾಯಿಬಿಟ್ಟು ಹೇಳಬೇಕಾ ನಿಂಗೆ? ಅವರೇ ಕಳಿಸಿದಾರೆ ಅಂದ್ಕೊಂಡೆ. ಓಬಕ್ಕ ನಮ್ಮಿಬ್ಬರ ಫೋಟೋನೂ ತಗೊಂಡು ಹೋದಳು. ಅವರ ಮನೆ ಹಿರಿಯರು ನಿಂದನ್ನ ಇಟ್ಕೊಂಡ್ರು. ಹುಡುಗಿ ಬಣ್ಣ ಚೆನ್ನಾಗೈತೆ ಅಂದ್ರಂತೆ. ಮೋಡದೂರಿನ ಬಣ್ಣ. ನನ್ನ ಫೋಟೋ ‘ಇವಳು ಹುಡುಗಿಯ ದೊಡ್ಡಪ್ಪನ ಮಗಳು’ ಅನ್ನೋ ಮಾತಿನ ಜೊತೆ ಪಕ್ಕಕ್ಕೆ ಹೋಯ್ತು. ಪ್ರಭು ಮನೇಲಿ ಏನಂದ್ರೋ, ಏನಾದ್ರೂ ಅಂದ್ರೋ ಇಲ್ಲವೋ, ನಂಗೆ ಗೊತ್ತಿಲ್ಲ. ಅವತ್ತಿಂದ ದುರ್ಗದಲ್ಲಿ ಮಳೆನಾ ಬಿಸಿಲಾ ಅಂತ ಯಾರೂ ಕೇಳಿಲ್ಲ.

ಇವತ್ತು? ಇವತ್ತು ಮಾತಾಡಿದ್ರು. ನೀರಿನ ಲೋಟ ಕೊಡ್ತಾ, ಎಲ್ಲರ ಮುಂದೆ, ‘ಬರೋವಾಗ ಮಳೆ ಸಿಕ್ತಾ?’ ಅಂದ್ರು. ಹುಡುಗ ಪಾಪ ನಾಚಿಕೆ, ಮಾತು ಸಿಗದೆ ಮಳೆ ಕೇಳ್ತಾನೆ ಅಂತ ಚಿಕ್ಕಮ್ಮ ನಕ್ಕರು. ನಾನು ‘ನೋಡಲಿಲ್ಲ’ ಅಂದೆ.

ನೋಡಲಿಲ್ಲ ಅಂದೆ ಕಣೇ. ನಾನು.

…ಕೇಳಿಸ್ತಾ? ಚಿಕ್ಕಪ್ಪ ಕರೀತವ್ರೆ. ಬಂದ್ವಿ ಅನ್ನು. ಅನ್ನೇ. ಸರಿ, ನಾನೇ ಅಂತೀನಿ. ಬಂದ್ವಿ ಚಿಕ್ಕಪ್ಪಾ, ಒಂದು ನಿಮಿಷ!

ನನ್ನ ಮುಖ ನೋಡಿ ನೀನು ಉಹೂಂ ಅನ್ನಬೇಡ. ಹೂಂ ಅಂತಲೂ ಅನ್ನಬೇಡ. ನನ್ನ ಕಣ್ಣು ಕಳಿಸಿದ್ದೇ ತಪ್ಪು ನೀವು. ಬಿಸಿಲು, ಗಾಳಿ ಅಂತ ನಿನ್ನ ಹೆದರಿಸಿದೆನಲ್ಲ, ಅದು ನಿಜವೇ. ಎಲ್ಲಾ ನಿಜ. ಆ ಅಂಗಳದ ಬಿಸಿಲಲ್ಲಿ ಒಂದು ಸಲ ಕುಂತು ಬರಬೇಕು ಅಂತ ನಾನು ಎಷ್ಟು ಸಂಜೆ ಅಂದ್ಕೊಂಡಿದೀನೋ, ಅದೂ ನಿಜ. ಇವತ್ತು ಕುಂತೆ. ನೆತ್ತಿ ಸುಡ್ತಿತ್ತು. ಅಷ್ಟರಲ್ಲಿ ಪ್ರಭು ಒಳಗಿಂದ ಬಂದ್ರು. ‘ಹುಡುಗಿ ಅಕ್ಕ ಬಿಸಿಲಲ್ಲಿ ಕೂರಬಾರದು, ಏಳ್ರಿ’ ಅಂದು, ನನ್ನ ಕುರ್ಚಿ ಎತ್ತಿ ನೆರಳಿಗೆ ಹಾಕಿದ್ರು.