ತಾಜಸ್ಸಿರ್ ಮಲಗಿದ ಬಾವಿ

ಇನ್ನೂ ಹತ್ತಿರ ಬನ್ನಿ… ಗೋಡೆಯಾಚೆ ಅವದಿಯ್ಯಾ ಇದ್ದಾಳೆ, ಅವಳಿಗೆ ಕೇಳಿಸಬಾರದು.

ಇದು ನಮ್ಮ ಚಿಕ್ಕಮ್ಮನ ಮಗ ಬಕ್ರಿಗೆ ಆಗಿದ್ದು. ಆವತ್ತು ರಾತ್ರಿ ಅಬು ಹಮದ್ ಊರಾಚೆಯ ಹಳೇ ಚಿನ್ನದ ಬಯಲಿಂದ ಡೇರೆಗೆ ಒಬ್ಬನೇ ನಡೆದು ಬರ್ತಿದ್ದ. ಕೈಯಲ್ಲಿ ಚಿನ್ನ ಹುಡುಕೋ ಮೆಷಿನ್. ದಾರಿಯುದ್ದಕ್ಕೂ ಅದನ್ನು ನೆಲದ ಮೇಲೆ ಆಡಿಸ್ಕೊಂಡೇ ಬರ್ತಿದ್ದ, ಕಿವಿಗೆ ಹೆಡ್‌ಫೋನ್. ಅಲ್ಲಿ ಹೆಜ್ಜೆಗೊಂದು ಬಾವಿ. ನೀರಿಗಲ್ಲ, ಚಿನ್ನಕ್ಕೆ ತೋಡಿದ್ದು.

ಅಂಥದ್ದೇ ಒಂದು ಬಾವಿ ಕುಸಿದು ಅವನಣ್ಣ ತಾಜಸ್ಸಿರ್ ಒಳಗೇ ಉಳಿದುಬಿಟ್ಟಿದ್ದ. ಎಷ್ಟು ಅಗೆದರೂ ದೇಹ ಸಿಗಲಿಲ್ಲ. ಬಾವಿಯ ಬಾಯಲ್ಲೇ ನಿಂತು ಜನಾಜಾ ನಮಾಜು ಮಾಡಿ ಬಂದೆವು. ಆಮೇಲೆ ಮರಳುಗಾಳಿ ಎದ್ದು ಜಾಗದ ಗುರುತೂ ಅಳಿಸಿಹೋಯ್ತು. ಆಗ ಅವನ ಹೆಂಡತಿ ಅವದಿಯ್ಯಾ ತುಂಬು ಬಸುರಿ. ಹೆಣ್ಣುಕೂಸು ಹುಟ್ಟಿತು… ಹೆಸರಿಡೋ ದಿನ ಬರೋದರೊಳಗೆ ಜ್ವರ ಬಂದು ತೀರಿಹೋಯ್ತು.

"ಬಕ್ರಿ, ನಿಮ್ಮಣ್ಣ ಎಲ್ಲಿದ್ದಾರೆ ಅಂತ ಹುಡುಕಪ್ಪ," ಅಂದಳು ಅವದಿಯ್ಯಾ. "ಮಗು ಹೋಯ್ತು ಅಂತ ಅವರಿಗೆ ಯಾರಾದ್ರೂ ಹೇಳಬೇಕಲ್ಲ."

ಡೇರೆಯವರು ಛೇಡಿಸೋರು. "ಏನೋ ಬಕ್ರಿ, ಹಗಲೂ ರಾತ್ರೀನೂ ಹುಡುಕ್ತೀಯಲ್ಲ, ಅಷ್ಟು ಚಿನ್ನ ಯಾವಳಿಗೋ?" ಅವನು ನಕ್ಕು ಸುಮ್ಮನಾಗೋನು. ಹುಡುಕ್ತಿದ್ದದ್ದು ಚಿನ್ನ ಅಲ್ಲ, ಅಣ್ಣ ಹಗ್ಗ ಕಟ್ಟಿ ಇಳೀತಿದ್ದ ಕಬ್ಬಿಣದ ಗೂಟ. ಕಬ್ಬಿಣಕ್ಕೂ ಮೆಷಿನ್ ಕೂಗುತ್ತಲ್ಲ.

ಆವತ್ತು ಕೂಗಿತು. ಕುಂಯ್… ಕುಂಯ್…

ಮಂಡಿಯೂರಿ ಮರಳು ಬಾಚಿದ. ಗೂಟ. ತುದಿಯಲ್ಲಿ ಇನ್ನೂ ಹಗ್ಗದ ಚೂರು.

ಮೆಷಿನ್ ಆರಿಸಿದ. ಆದರೂ ಹೆಡ್‌ಫೋನಿನಲ್ಲಿ ಸದ್ದು… ಪಿಕಾಸಿ ಕಲ್ಲಿಗೆ ತಾಗೋ ಸದ್ದು. ಟಕ್… ಟಕ್… ನಿಂತಿತು. ಯಾರೋ ಉಸಿರು ಎಳೆದುಕೊಂಡರು.

"ಬಕ್ರಿ…?"

"ಹೂಂ, ಅಣ್ಣ."

"ಕತ್ತಲಲ್ಲಿ ಒಬ್ಬನೇ ಯಾಕೋ ಬಂದೆ, ಪೆದ್ದಾ… ಅವದಿಯ್ಯಾಗೆ ಹೆರಿಗೆ ಆಯ್ತಾ?"

ಮಗು ಹೋದದ್ದನ್ನ ಹೇಳೋಕೇ ಬಕ್ರಿ ಅಷ್ಟು ಅಲೆದಿದ್ದ. ಈಗ ಬಾಯಿಗೆ ಬಂದದ್ದೇ ಬೇರೆ.

"ಆಯ್ತಣ್ಣ. ಹೆಣ್ಣು. ಚೆನ್ನಾಗಿದ್ದಾಳೆ… ಥೇಟ್ ನಿನ್ನದೇ ಮೂಗು."



"ಹಾಗಾದ್ರೆ…" ಅಣ್ಣ ಪಿಸುಗುಟ್ಟಿದ. "ನನ್ನ ಎದೆ ಮೇಲೆ ಮಲಗಿರೋ ಇವಳು ಯಾರೋ?"

ಆಗ ಬಕ್ರಿಗೆ ಅದೂ ಕೇಳಿಸಿತು. ಹಸುಗೂಸು ನಿದ್ದೆಗಣ್ಣಲ್ಲಿ ಬಾಯಿ ಚಪ್ಪರಿಸೋ ಸದ್ದು. ಚಪ್… ಚಪ್…

ಬಕ್ರಿ ಮರಳಿಗೆ ಮುಖ ಒತ್ತಿ ಬಿಕ್ಕಿದ. "ನಿನ್ನ ಮಗಳೇ ಅಣ್ಣ. ಸುಳ್ಳು ಹೇಳಿದೆ… ನಿನ್ನ ಮಗಳೇ."

"ಶ್… ಎದ್ದುಬಿಡ್ತಾಳೆ. ಈಗ ತಾನೇ ಮಲಗಿದಾಳೆ."

ಅಷ್ಟೇ. ಆಮೇಲೆ ಹೆಡ್‌ಫೋನ್ ಕಿವಿಗೊತ್ತಿ ಬೆಳಗಿನವರೆಗೆ ಕೂತ. ಏನೂ ಕೇಳಿಸಲಿಲ್ಲ.

ಊರಿಗೆ ಬಂದು ಎಲ್ಲಾ ಹೇಳಿದ. ಅವದಿಯ್ಯಾ ಅಳಲಿಲ್ಲ. ಗೋಡೆ ನೋಡ್ತಾ ಕೂತಳು.

ಒಂದು ಮಾತು ಹೇಳ್ತೀನಿ, ಕೇಳಿ. ಕೂಸು ಹೋದ ಮೇಲೂ ಅವಳ ಎದೆಹಾಲು ನಿಂತಿರಲಿಲ್ಲ. ಸೂಲಗಿತ್ತಿಯ ಮದ್ದಿಗೂ ಬಗ್ಗಿರಲಿಲ್ಲ. ಹಾಲಿಗೆ ನೆನೆದ ಬಟ್ಟೆ ದಿನಾ ಒಗೀತಿದ್ದವಳು ನನ್ನ ಹೆಂಡತಿ. ಆವತ್ತು ಬೆಳಗ್ಗೆ, ಬಕ್ರಿ ಇನ್ನೂ ದಾರಿಯಲ್ಲೇ ಇದ್ದಾಗ, ರಾತ್ರಿ ಉಟ್ಟ ಬಟ್ಟೆ ಕೇಳೋಕೆ ಹೋದಳು. ನಾನು ಕಟ್ಟಿ ಹೇಳ್ತಿಲ್ಲ, ಅವಳನ್ನೇ ಕೇಳಿ…

ಬಟ್ಟೆ ಒಣಗಿತ್ತು.