ಹೇರಾ ಹೋಗಿ ಜೂನೋ ಆದ್ಲು

...ಇಲ್ರಿ, ಚಹಾ ಬ್ಯಾಡ. ನಾ ಕುಂದ್ರಾಕ ಬಂದಿಲ್ಲ ಧನಪಾಲ ಸರ್. ನಿಂತೇ ಕೇಳ್ತೀನಿ. ನಿನ್ನಿ ಗ್ಯಾದರಿಂಗ್‌ನ್ಯಾಗ ನಿಮ್ಮ ಸಾಲಿ ಮಕ್ಕಳು ಆಡಿದ್ರಲ್ಲ, ಆ ಮರಾಠಿ ನಾಟಕ... ಅದನ್ನ ಬರದವರು ಯಾರು?

ನಗ್ತೀರಿ? ಯಾಕ ನಗ್ತೀರಿ?

ಮೈಕಿನ್ಯಾಗ ಏನು ಒದರಿದ್ರು? 'ಲೇಖಕ, ದಿಗ್ದರ್ಶಕ, ಧನಪಾಲ ಸರ್!' ಮಂದಿ ಚಪ್ಪಾಳಿ ಹೊಡದೇ ಹೊಡದ್ರು. ನನ್ನ ಬಾಜೂಕ ತುಳಸವ್ವ ಕುಂತಿದ್ಲು. ಆಕಿ ಮಗಳು ಹಿಂದಕ ನಮ್ಮ ಕನ್ನಡ ಸಾಲ್ಯಾಗ ನನ್ನ ನಾಟಕಕ್ಕ ಹೇರಾ ಆಗಿದ್ಲಲ್ಲ. 'ಬಾಯಾರ, ಇದು ನಿಮ್ಮ ನಾಟಕ ಅಲ್ಲೇನ್ರಿ?' ಅಂದ್ಲು. ನಾ ಸೀರಿ ಪದರಿನ ಚುಂಗು ತಿರುವಿಕೋತ ಕುಂತೆ.

ಏನು? ಅದು ಗ್ರೀಕ್ ದೇವರು, ಇದು ರೋಮನ್ ದೇವರು? ಅಯ್ಯ ನಮ್ಮಪ್ಪ! ಜೀಯಸ್‌ಗ ಜುಪಿಟರ್ ಅಂದ್ರಿ. ಸಿಡಿಲು ಅದೇ, ಸಿಟ್ಟು ಅದೇ. ಅವನ ಹೆಂಡ್ತಿ ಹೇರಾ ಹೋಗಿ ಜೂನೋ ಆದ್ಲು. 'ಮೋಡದ ಮ್ಯಾಲ ಕುಂತಾಂವಗ ಮನಿ ಸೋರೂದು ಹ್ಯಾಂಗ ಕಾಣಬೇಕು' ಅಂತ ಗಂಡಗ ಅಂತಾಳಲ್ಲ, ಅದು ನನ್ನ ಮಾತು! ಮರಾಠ್ಯಾಗ ಅಂದಕೂಡ್ಲೇ ನಿಮ್ಮದಾತೇನು?

ಸಲಗರ್‍ಯಾಗ ನಮ್ಮ ಕನ್ನಡ ಸಾಲಿ, ನಿಮ್ಮ ಮರಾಠಿ ಸಾಲಿ ಎರಡೂ ಕೂಡಿಸಿ ಒಂದು ಮಾಡಿದಾಗ ನಾ ಅತ್ತೆ. ನೀವು ಏನಂದಿದ್ರಿ? 'ಛಾಯಾಬಾಯಿ, ಸಾಲಿ ಹೆಸರು ಹೋದ್ರ ಹೋಗವಲ್ದ್ಯಾಕ, ಇನ್ನ ಒಂದೇ ಸಾಲ್ಯಾಗ ಇರ್ತೀವಿ.' ಇದ್ದೆವೇನು? ಮಾಸ್ತರರೊಳಗ ನಾ ಹೆಚ್ಚಾದಾಕಿ ಅಂತ ವರ್ಗಾ ಮಾಡಿ ಮ್ಹೈಸಾಳದ ಸಾಲಿಗೆ ಒಗದ್ರು. ನೀವು ಇಲ್ಲೇ ಉಳದ್ರಿ. ಉಳೀರಿ! ಅದಕ್ಕ ನಾ ಒಂದು ಮಾತು ಅಂದೇನೇನು? ನಾಟಕಾನೂ ಬಿಟ್ಟು ಹೋದೆ, ಮಕ್ಕಳು ಆಡ್ಲಿ ಅಂತ. ಮತ್ತ್ಯಾರಿಗೆ... ಮಕ್ಕಳಿಗೇ.

ಹೆಸರಿನ ಸಲುವಾಗೇ ಬಂದೇನ್ರಿ, ಬ್ಯಾರೆ ಏನೂ ಇಲ್ಲ. ನನ್ನ ಹೆಸರು ಹೇಳಬೇಕಿತ್ತು, ಅಷ್ಟೇ.

ಆದ್ರ ಒಂದು ತಿಳೀವಲ್ದು. ಎಲ್ಲಾರನ್ನೂ ತಗೊಂಡ್ರಿ. ಅಥೀನಾ ಮಿನರ್ವಾ ಆದ್ಲು. ಸುದ್ದಿ ಒಯ್ಯೋ ಹರ್ಮಿಸ್ ಮರ್ಕ್ಯುರಿ ಆದ. ಒಲಿ ಕಾಯೋ ಹೆಸ್ಟಿಯಾನ ಯಾಕ ಬಿಟ್ರಿ? ರೋಮಿನವರು ಆಕಿಗೂ ಹೆಸರು ಇಟ್ಟಾರ, ವೆಸ್ಟಾ ಅಂತ. ನಿಮಗ ಗೊತ್ತೈತಿ. ಉಳಿದ ದೇವರು ಪೀಠಕ್ಕ ಬಡದಾಡುವಾಗ ಆಕಿ ತನ್ನ ಪೀಠಾನೇ ಬಿಟ್ಟುಕೊಟ್ಟು, ಲಗ್ನಾನೂ ಒಲ್ಲೆ ಅಂದು... 'ನೀ ಯಾವಾಗರ ಬಾ, ನನ್ನ ಒಲಿ ಆರಿರೂದಿಲ್ಲ' ಅಂತಾಳ. ಅಷ್ಟು ಸಣ್ಣ ಪಾತ್ರಾ. ಅದನ್ನ ಯಾಕ ತಗದ್ರಿ?

ವ್ಯಾಳ್ಯಾ ಸಾಲಲಿಲ್ಲೇನು? ಹುಡುಗಿ ಸಿಗಲಿಲ್ಲೇನು? ಮರಾಠ್ಯಾಗ ಆ ಮಾತು ಹೊಂದಲಿಲ್ಲೇನು?

ಸುಳ್ಳರ ಹೇಳ್ರಿ.

ನೆಲಾ ಯಾಕ ನೋಡ್ತೀರಿ? ಅವಾಗ ನಮ್ಮ ಸಾಲಿ ತಾಲೀಮಿನ್ಯಾಗ ಹೆಸ್ಟಿಯಾನ ಆ ಮಾತು ನಾನೇ ಆಡಿ ತೋರಸ್ತಿದ್ದೆ. ನೀವು ಮರಾಠಿ ಸಾಲಿಯಿಂದ ಪಡದೆ ಕಟ್ಟಾಕ ಬಂದಾವ್ರು, ಹಗ್ಗಾ ಹಿಡಕೊಂಡು ಎದುರಿಗೇ ನಿಂತಿರ್ತಿದ್ರಿ...

ಸರ್?

...ಅಂದ್ರ, ಆ ಮಾತು ನಾ ಯಾರಿಗೆ ಆಡ್ತಿದ್ದೆ ಅಂತ ನಿಮಗ ಅವತ್ತೇ ತಿಳದಿತ್ತು.